ನೆಲದ ಮೇಲಿನ ಚಿತ್ರ ಎದ್ದು ನಿಲ್ಲುವುದು ಯಾರ ಕಣ್ಣಿಗೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ಮಕ್ಕಳೊಂದಿಗೆ ಸೇರಿ ಶಾಲೆಯ ಅಂಗಳದ ಸಿಮೆಂಟ್ ನೆಲದ ಮೇಲೆ ಪುಸ್ತಕಗಳ ರಾಶಿಯೊಂದು ಎದ್ದು ನಿಂತಂತೆ ಕಾಣುವ ‘ತ್ರೀಡಿ’ ಚಿತ್ರ ಬರೆದೆವು. ಮೊಬೈಲ್‌ನಲ್ಲಿ ಫೋಟೊ ತೆಗೆದರೆ ರಾಶಿ ನಿಜವೆಂಬಂತೆ ನಿಲ್ಲುತ್ತದೆ. ಬರಿಗಣ್ಣಿಗೆ ಮಾತ್ರ ಉದ್ದಕ್ಕೆ ಎಳೆದ ಚಿತ್ರವಾಗಿಯೇ ಉಳಿಯುತ್ತದೆ. ಇದು ಬಣ್ಣದ ದೋಷವೋ, ಲೆಕ್ಕದ ದೋಷವೋ? ಹೊರದೇಶಗಳಲ್ಲಿ ಇಡೀ ಕೋಟೆ, ಕಟ್ಟಡಗಳ ಮೇಲೆ ಇಂತಹ ಭ್ರಮೆಯ ಚಿತ್ರಗಳನ್ನು ಮಾಡುತ್ತಾರಂತೆ, ಅದು ಹೇಗೆ? ಶಾಲೆಯ ಎದುರಿನ ರಸ್ತೆಯಲ್ಲಿ ತ್ರೀಡಿ ಝೀಬ್ರಾ ಪಟ್ಟಿ ಬರೆಯಿರಿ ಎಂದು ಪೋಷಕರು ಕೇಳುತ್ತಿದ್ದಾರೆ. ಬರೆಯಬಹುದೇ?

ಉತ್ತರ: ಫೋಟೊದಲ್ಲಿ ರಾಶಿ ನೆಟ್ಟಗೆ ನಿಂತಿದೆ ಎಂದಮೇಲೆ ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಬಣ್ಣದಲ್ಲಿಯೂ ಹೇಳಿಕೊಳ್ಳುವಂತಹ ದೋಷವಿರಲಾರದು. ಚಿತ್ರವನ್ನು ನೀವು ಒಂದು ನಿರ್ದಿಷ್ಟ ಬಿಂದುವಿಗಾಗಿ ಬರೆದಿದ್ದೀರಿ, ಆ ಬಿಂದುವಿನಲ್ಲಿ ಮೊಬೈಲ್‌ನ ಮಸೂರ ನಿಂತಿತು, ಮನುಷ್ಯರ ಕಣ್ಣು ನಿಲ್ಲಲಿಲ್ಲ. ನಿಂತರೂ ಅದು ಮಸೂರದಂತೆ ಒಂಟಿಯಾಗಿ, ಅಲುಗಾಡದೆ ನಿಲ್ಲಲಿಲ್ಲ. ಅನಾಮಾರ್ಫಿಕ್ ಎಂದು ಕರೆಯಲಾಗುವ ಈ ಬಗೆಯ ಚಿತ್ರಕಲೆಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ನೋಡುವವರು ಎಲ್ಲಿ, ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ ಕಣ್ಣಿಟ್ಟು ನಿಲ್ಲುತ್ತಾರೆ ಎಂಬುದು. ಏನು ಬರೆಯಬೇಕು, ಯಾವ ಬಣ್ಣ ಹಚ್ಚಬೇಕು ಎಂಬುದು ಆನಂತರದ ವಿಚಾರ. ನಮ್ಮಲ್ಲಿ ಬಹುತೇಕರು ಈ ಕ್ರಮವನ್ನು ಹಿಂದುಮುಂದಾಗಿಸುತ್ತಾರೆ: ಚಿತ್ರ ಮುಗಿಸಿದ ಬಳಿಕ ಅದು ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂದು ಹುಡುಕಲು ಹೊರಡುತ್ತಾರೆ.

ಇದರ ಹಿಂದಿರುವ ಜ್ಯಾಮಿತಿಯನ್ನು ಮಕ್ಕಳಿಗೆ ತೋರಿಸಲು ಹಂಪಿಗಿಂತ ಒಳ್ಳೆಯ ಜಾಗವಿಲ್ಲ. ವಿರೂಪಾಕ್ಷ ದೇವಾಲಯದ ಒಳಗಿನ ಕತ್ತಲ ಕೋಣೆಯೊಂದರಲ್ಲಿ ಸಣ್ಣ ಕಿಂಡಿಯ ಮೂಲಕ ಬಂದ ಬೆಳಕು ಗೋಡೆಯ ಮೇಲೆ ಪೂರ್ವದ ರಾಯಗೋಪುರವನ್ನು ತಲೆಕೆಳಗಾಗಿ ಮೂಡಿಸುವುದನ್ನು ಪ್ರವಾಸಕ್ಕೆ ಹೋದವರೆಲ್ಲ ನೋಡಿರುತ್ತಾರೆ. ಗೋಪುರದ ಪ್ರತಿಯೊಂದು ಬಿಂದುವಿನಿಂದ ಹೊರಟ ಕಿರಣ ನೇರವಾಗಿ ಬಂದು, ಅದೇ ಒಂದು ಕಿಂಡಿಯಲ್ಲಿ ಹಾದು, ನೇರವಾಗಿಯೇ ಮುಂದೆ ಸಾಗುವುದರಿಂದ ಮೇಲಿನದು ಕೆಳಗೂ ಕೆಳಗಿನದು ಮೇಲೂ ಬೀಳುತ್ತದೆ. ಕಿಂಡಿಯ ಜಾಗದಲ್ಲಿ ಕಣ್ಣನ್ನು ಇಟ್ಟುಕೊಂಡರೆ ನಿಮ್ಮ ಪುಸ್ತಕಗಳ ರಾಶಿಯ ಲೆಕ್ಕವೂ ಅಷ್ಟೇ. ಕಣ್ಣಿನಿಂದ ರಾಶಿಯ ತುದಿಗೆ ಒಂದು ಗೆರೆ ಎಳೆದು, ಅದನ್ನು ಹಾಗೆಯೇ ಮುಂದಕ್ಕೆ ಬೆಳೆಸಿದರೆ ಎಲ್ಲಿ ನೆಲ ಮುಟ್ಟುತ್ತದೆಯೋ ಅಲ್ಲಿ ರಾಶಿಯ ತುದಿಯನ್ನು ಬರೆಯಬೇಕು. ಒಂದೇ ಗೆರೆಯ ಮೇಲಿರುವ ಎರಡು ಬಿಂದುಗಳಲ್ಲಿ ಯಾವುದು ಹತ್ತಿರದ್ದು, ಯಾವುದು ದೂರದ್ದು ಎಂದು ಹೇಳಲು ಒಂಟಿ ಕಣ್ಣಿಗೆ ಬೇರೆ ಸುಳಿವು ಬೇಕು. ಆ ಸುಳಿವುಗಳನ್ನು ಮುಚ್ಚಿಹಾಕುವುದು ಕಲಾವಿದನ ಕೆಲಸ.

ಅಂಕಿಗಳಲ್ಲಿ ನೋಡೋಣ. ನೋಡುವವರ ಕಣ್ಣು ನೆಲದಿಂದ 1.6 ಮೀಟರ್ ಎತ್ತರದಲ್ಲಿದೆ, ರಾಶಿ ಅವರ ಪಾದದಿಂದ 4 ಮೀಟರ್ ದೂರದಲ್ಲಿ 80 ಸೆಂಟಿಮೀಟರ್ ಎತ್ತರಕ್ಕೆ ನಿಂತಂತೆ ಕಾಣಬೇಕು ಎಂದುಕೊಳ್ಳಿ. ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳ ಪಾಠವಷ್ಟೇ ಸಾಕು: ದೂರವನ್ನು ಕಣ್ಣಿನ ಎತ್ತರದಿಂದ ಗುಣಿಸಿ, ಕಣ್ಣಿನ ಎತ್ತರದಲ್ಲಿ ವಸ್ತುವಿನ ಎತ್ತರವನ್ನು ಕಳೆದು ಉಳಿದದ್ದರಿಂದ ಭಾಗಿಸಬೇಕು. 4 × 1.6 ÷ 0.8, ಅಂದರೆ 8 ಮೀಟರ್. ಮುಕ್ಕಾಲು ಮೀಟರಿಗಿಂತ ತುಸು ಹೆಚ್ಚು ಎತ್ತರದ ರಾಶಿಯನ್ನು ನಿಲ್ಲಿಸಲು ನೆಲದ ಮೇಲೆ 4 ಮೀಟರ್ ಉದ್ದದ ಚಿತ್ರ ಬೇಕಾಯಿತು. ನಡುವಿನ ಅಡ್ಡಗೆರೆಗಳೂ ಸಮಾನ ಅಂತರದಲ್ಲಿ ಬೀಳುವುದಿಲ್ಲ. 20 ಸೆಂಟಿಮೀಟರ್ ಎತ್ತರದ ಗೆರೆ 4.57 ಮೀಟರಿನಲ್ಲಿ, 40ರದ್ದು 5.33ರಲ್ಲಿ, 60ರದ್ದು 6.4ರಲ್ಲಿ, 80ರದ್ದು 8ರಲ್ಲಿ ಬೀಳುತ್ತದೆ. ಮೊದಲ ಪುಸ್ತಕದ ಬೆನ್ನು ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದವಿದ್ದರೆ, ಅಷ್ಟೇ ದಪ್ಪದ ಮೇಲಿನ ಪುಸ್ತಕದ ಬೆನ್ನು ಒಂದೂವರೆ ಮೀಟರನ್ನು ದಾಟುತ್ತದೆ. ಅಗಲವೂ ಅದೇ ಪ್ರಮಾಣದಲ್ಲಿ ಬೆಳೆಯುವುದರಿಂದ ಬುಡದಲ್ಲಿ 50 ಸೆಂಟಿಮೀಟರ್ ಇದ್ದದ್ದು ತುದಿಯಲ್ಲಿ 1 ಮೀಟರ್ ಆಗುತ್ತದೆ.

ವಸ್ತುವನ್ನು ಇನ್ನಷ್ಟು ಎತ್ತರಿಸುವ ಆಸೆಪಟ್ಟರೆ ಈ ಲೆಕ್ಕ ಬೇಗನೆ ಕೈಮೀರುತ್ತದೆ. 1.2 ಮೀಟರ್ ಎತ್ತರಕ್ಕೆ ಚಿತ್ರದ ತುದಿ 16 ಮೀಟರಿಗೂ, 1.5 ಮೀಟರ್ ಎತ್ತರಕ್ಕೆ 64 ಮೀಟರಿಗೂ ಹೋಗುತ್ತದೆ. ಕಣ್ಣಿನಷ್ಟೇ ಎತ್ತರದ ವಸ್ತುವಿನ ಗೆರೆ ನೆಲಕ್ಕೆ ಸಮಾನಾಂತರವಾಗಿ ಓಡುವುದರಿಂದ ಎಂದಿಗೂ ನೆಲ ಮುಟ್ಟುವುದಿಲ್ಲ. ನೆಲದ ಮೇಲೆ ಬರೆದ ಯಾವ ಚಿತ್ರವೂ ನೋಡುವವರ ಕಣ್ಣಿಗಿಂತ ಎತ್ತರಕ್ಕೆ ಏಳಲಾರದು. ಇದಕ್ಕೆ ಯಾವ ಕೈಚಳಕದಿಂದಲೂ ಪರಿಹಾರವಿಲ್ಲ.

ಗುಂಡಿಯ ಕಥೆ ಬೇರೆಯೇ. ಅದೇ ವೀಕ್ಷಕರ ಮುಂದೆ 2 ಮೀಟರಿನಿಂದ 4 ಮೀಟರಿನವರೆಗೆ ಬಾಯಿ ತೆರೆದ ಗುಂಡಿಯೊಂದನ್ನು ಬರೆದರೆ, ಆ ಎರಡು ಮೀಟರ್ ಜಾಗದಲ್ಲಿಯೇ 1.6 ಮೀಟರ್ ಆಳದ ಎದುರುಗೋಡೆ ಪೂರ್ತಿಯಾಗಿ ಹಿಡಿಸುತ್ತದೆ. ಇಲ್ಲಿ ಕಳೆಯುವ ಬದಲು ಕೂಡಬೇಕು, 4 × 1.6 ÷ 3.2 ಎಂದರೆ 2. ಮೇಲಕ್ಕೆ 80 ಸೆಂಟಿಮೀಟರ್ ಏರಲು 4 ಮೀಟರ್ ಬಣ್ಣ ಬೇಕು, ಕೆಳಕ್ಕೆ ಅದರ ಎರಡರಷ್ಟು ಇಳಿಯಲು 2 ಮೀಟರ್ ಸಾಕು. ಜಗತ್ತಿನ ಬೀದಿ ಕಲಾವಿದರು ಕಮರಿ, ಬಾವಿ, ಜಲಪಾತ, ಪಾತಾಳಗಳ ಬೆನ್ನುಹತ್ತುವುದಕ್ಕೆ ಇದೂ ಒಂದು ಕಾರಣ. ಜರ್ಮನಿಯ ಎಡ್ಗರ್ ಮ್ಯೂಲರ್ 2008ರಲ್ಲಿ ಐರ್ಲೆಂಡಿನ ಡನ್ ಲೀರಿ ಪಟ್ಟಣದ ಕಡಲತಡಿಯಲ್ಲಿ ಬರೆದ ಹಿಮದ ಬಿರುಕಿನ ಚಿತ್ರ ಅಷ್ಟು ಹೆಸರಾದದ್ದರಲ್ಲಿ ಆತನ ಕೈಚಳಕದಷ್ಟೇ ಪಾಲು ವಸ್ತುವಿನ ಆಯ್ಕೆಗೂ ಇದೆ. ನಿಮ್ಮ ಅಂಗಳ ಚಿಕ್ಕದಾಗಿದ್ದರೆ ರಾಶಿಯನ್ನು ಬಿಟ್ಟು ಒಂದು ಕಲ್ಯಾಣಿಯನ್ನು ಬರೆಯಿರಿ. ಅದರ ಮೆಟ್ಟಿಲುಗಳ ಸಾಲು ಆಳದ ಭ್ರಮೆಗೆ ತಾನಾಗಿಯೇ ನೆರವಾಗುತ್ತದೆ.

ಇನ್ನು ಬರಿಗಣ್ಣಿನ ದೂರಿಗೆ ಬರೋಣ. ಮನುಷ್ಯರ ಎರಡು ಕಣ್ಣುಗಳ ನಡುವೆ ಸುಮಾರು 6ರಿಂದ 6.5 ಸೆಂಟಿಮೀಟರ್ ಅಂತರವಿರುವುದರಿಂದ ಪ್ರತಿಯೊಂದು ಕಣ್ಣಿಗೂ ದೃಶ್ಯ ತುಸು ಬೇರೆಯಾಗಿ ಕಾಣುತ್ತದೆ, ಆ ವ್ಯತ್ಯಾಸದಿಂದ ಮಿದುಳು ದೂರವನ್ನು ಅಳೆಯುತ್ತದೆ. ನಾಲ್ಕೈದು ಮೀಟರಿನಲ್ಲಿ ಈ ಅಳತೆ ಎಷ್ಟು ಚುರುಕಾಗಿರುತ್ತದೆ ಎಂದರೆ, ನೆಲ ನೆಲವೇ ಎಂದು ಅದು ಖಚಿತವಾಗಿ ಹೇಳಿಬಿಡುತ್ತದೆ. ತಲೆ ಒಂದಿಷ್ಟು ಆಡಿದರೂ ಹತ್ತಿರದ ವಸ್ತು ಹೆಚ್ಚು, ದೂರದ ವಸ್ತು ಕಡಿಮೆ ಸರಿಯಬೇಕು. ಚಿತ್ರದ ಪುಸ್ತಕ ಹಾಗೆ ಸರಿಯುವುದಿಲ್ಲ. ಸಿಮೆಂಟಿನ ಬಿರುಕು, ಹಾಸುಗಲ್ಲಿನ ಸಂದು, ಒಣಗಿದ ಎಲೆ, ನಿಂತವರ ಸ್ವಂತ ನೆರಳು ಎಲ್ಲವೂ ಮೋಸವನ್ನು ಬಯಲುಮಾಡುತ್ತವೆ. ಮೊಬೈಲ್‌ಗೆ ಒಂದೇ ನೋಟ, ಅದೂ ನಿಶ್ಚಲ. ಸಣ್ಣ ಪರದೆಯಲ್ಲಿ ಬಿರುಕುಗಳೂ ಮಾಯವಾಗುತ್ತವೆ. ಒಂದು ಕಣ್ಣು ಮುಚ್ಚಿ, ಕಾಗದದಲ್ಲಿ ಕೊರೆದ ಸಣ್ಣ ರಂಧ್ರವನ್ನು ಇನ್ನೊಂದಕ್ಕೆ ಹಿಡಿದು, ಸರಿಯಾದ ಜಾಗದಲ್ಲಿ ಅಲುಗಾಡದೆ ನಿಂತು ನೋಡಲು ಮಕ್ಕಳಿಗೆ ಹೇಳಿ. ಫೋಟೊದಲ್ಲಿ ಕಂಡದ್ದು ಬಹುಮಟ್ಟಿಗೆ ಬರಿಗಣ್ಣಿಗೂ ಕಾಣುತ್ತದೆ.

ಜಾಗ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೂ ಕ್ರಮವಿದೆ, ಇದನ್ನು ತಿಳಿದರೆ ನಿಮ್ಮ ಚಿತ್ರದ ಕಾಯಿಲೆಯನ್ನು ನೀವೇ ಗುರುತಿಸಬಹುದು. ಮೇಲಿನ 80 ಸೆಂಟಿಮೀಟರಿನ ರಾಶಿಯನ್ನು ಎರಡು ಮೀಟರ್ ಹಿಂದೆ ಸರಿದು ನೋಡಿದರೆ ಅದು 64 ಸೆಂಟಿಮೀಟರಿಗೆ ಕುಗ್ಗಿ, ತುದಿಯಲ್ಲಿ ಅರಳಿದಂತೆ ಕಾಣುತ್ತದೆ. ಎರಡು ಮೀಟರ್ ಮುಂದೆ ಬಂದರೆ ಎತ್ತರ ಹೆಚ್ಚಿ, ತುದಿ ಚೂಪಾಗುತ್ತದೆ. ಪಕ್ಕಕ್ಕೆ ಸರಿದರೆ ರಾಶಿ ವಾಲುತ್ತದೆ. ಆದರೆ ಅದೇ ಜಾಗದಲ್ಲಿ ನಿಂತು ಕಣ್ಣಿನ ಎತ್ತರವನ್ನಷ್ಟೇ ಬದಲಿಸಿದರೆ ಆಕಾರ ಕೆಡುವುದಿಲ್ಲ. ಕಣ್ಣು 1.1 ಮೀಟರ್ ಎತ್ತರದಲ್ಲಿರುವ ಮಗುವಿಗೆ ರಾಶಿ 55 ಸೆಂಟಿಮೀಟರ್ ಎತ್ತರವಾಗಿ, ನೆಟ್ಟಗೆಯೇ ನಿಲ್ಲುತ್ತದೆ, ಕುಳ್ಳಗಾಗುತ್ತದೆ ಅಷ್ಟೇ. ಹೀಗಾಗಿ ಪಾದಗಳ ಜಾಗದಲ್ಲಿ ನಿಷ್ಠುರವಾಗಿರಿ, ಎತ್ತರದಲ್ಲಿ ಉದಾರವಾಗಿರಿ. ಎತ್ತರದ ಬಗ್ಗೆ ತಲೆಕೆಡಿಸಿಕೊಂಡು ಪಾದದ ಗುರುತನ್ನೇ ಹಾಕದ ಚಿತ್ರಗಳು ನಮ್ಮ ಮಾಲ್‌ಗಳಲ್ಲಿ ಬೇಕಾದಷ್ಟಿವೆ.

ಪಾದದ ಗುರುತನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡವರಲ್ಲಿ ಆಂದ್ರೆಯಾ ಪೊಟ್ಸೊ ಮುಖ್ಯ. ರೋಮ್ ನಗರದ ಸಂತ ಇಗ್ನೇಷಿಯಸ್ ಚರ್ಚಿಗೆ ನಿಜವಾದ ಗುಮ್ಮಟ ಕಟ್ಟುವ ಯೋಜನೆ ಕೈಗೂಡದೆ ಹೋದಾಗ, ಜೆಸ್ಯುಯಿಟ್ ಸಂಘದ ಸಹೋದರನಾಗಿದ್ದ ಈ ಚಿತ್ರಕಾರ 1685ರಲ್ಲಿ ಸುಮಾರು 17 ಮೀಟರ್ ಅಗಲದ ಕ್ಯಾನ್ವಾಸಿನ ಮೇಲೆ ಗುಮ್ಮಟದ ಒಳಭಾಗವನ್ನು ಬರೆದು ಆ ಜಾಗದಲ್ಲಿ ಕೂರಿಸಿದ. ಕೆಳಗಿನಿಂದ ನೋಡಿದರೆ ಕಂಬಗಳು, ಕಮಾನುಗಳು, ಎತ್ತರದಲ್ಲಿ ಬೆಳಕಿನ ಕಿಂಡಿ ಎಲ್ಲವೂ ಇವೆ. ಇರುವುದು ಒಂದು ಚಪ್ಪಟೆ ಬಟ್ಟೆ. ಮುಂದೆ, 1694ರ ವೇಳೆಗೆ, ಚರ್ಚಿನ ಮುಖ್ಯ ಅಂಗಣದ ಮೇಲಿನ ಕಮಾನು ಚಾವಣಿಯನ್ನೂ ಬರೆದು ಮುಗಿಸಿದ. ಅಲ್ಲಿ ನಿಜವಾದ ಗೋಡೆ ಎಲ್ಲಿ ಮುಗಿಯುತ್ತದೆ, ಬರೆದ ಗೋಡೆ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ನೋಡುವವರು ಎಲ್ಲಿ ನಿಲ್ಲಬೇಕೆಂದು ತೋರಿಸಲು ನೆಲದಲ್ಲಿ ಅಮೃತಶಿಲೆಯ ಬಿಲ್ಲೆಯನ್ನು ಕೂರಿಸಲಾಗಿದೆ. ಬಿಲ್ಲೆಯಿಂದ ಹತ್ತಾರು ಹೆಜ್ಜೆ ಸರಿದರೆ ಆ ಭವ್ಯ ಕಂಬಗಳು ಓರೆಯಾಗಿ ಬೀಳಲಾರಂಭಿಸುತ್ತವೆ.

ಬಾಗಿದ ಚಾವಣಿಯ ಮೇಲೆ ನೇರ ಕಂಬಗಳನ್ನು ಬರೆಯಲು ಪೊಟ್ಸೊ ಬಳಸಿದ ಉಪಾಯವನ್ನು ಆತನೇ 1693ರಲ್ಲಿ ಮೊದಲ ಸಂಪುಟ ಬಂದ, ಪರ್ಸ್‌ಪೆಕ್ಟಿವ್ ಅಂದರೆ ಚಪ್ಪಟೆ ಚಿತ್ರದಲ್ಲಿ ದೂರ-ಆಳಗಳನ್ನು ತೋರಿಸುವ ವಿದ್ಯೆಯ ಕುರಿತ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಚಾವಣಿ ಬಾಗಲು ಶುರುವಾಗುವ ಎತ್ತರದಲ್ಲಿ ಗೋಡೆಯಿಂದ ಗೋಡೆಗೆ ದಾರಗಳ ಬಲೆಯನ್ನು ಅಡ್ಡಡ್ಡಲಾಗಿ ಬಿಗಿಯಬೇಕು. ನೋಡುವವರ ಕಣ್ಣು ಇರಬೇಕಾದ ಬಿಂದುವಿನಿಂದ ಹೊರಟ ಗೆರೆ ಬಲೆಯ ಒಂದೊಂದು ದಾರವನ್ನು ಹಾದು ಚಾವಣಿಯ ಮೇಲೆ ಎಲ್ಲಿ ಬೀಳುತ್ತದೆಯೋ ಅಲ್ಲಿ ಗುರುತು ಮಾಡಬೇಕು, ಆ ಬಿಂದುವಿನಲ್ಲಿ ದೀಪವಿಟ್ಟರೆ ದಾರದ ನೆರಳೇ ಗುರುತಾಗುತ್ತದೆ. ಹೀಗೆ ಚಾವಣಿಯ ಮೇಲೆ ಸೊಟ್ಟ ಚೌಕಗಳ ಜಾಲವೊಂದು ಮೂಡುತ್ತದೆ. ಕಾಗದದ ಮೇಲಿನ ಚಿತ್ರವನ್ನು ನೇರ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕದಲ್ಲಿರುವುದನ್ನು ಅದಕ್ಕೆ ಸಲ್ಲುವ ಸೊಟ್ಟ ಚೌಕಕ್ಕೆ ದಾಟಿಸಿದರೆ ಮುಗಿಯಿತು. ಕಂಪ್ಯೂಟರ್ ಬಂದ ಮೇಲೂ ಈ ವಿಧಾನದ ಸಾರ ಬದಲಾಗಿಲ್ಲ.

ಚಾವಣಿಯಲ್ಲಿದ್ದ ಈ ವಿದ್ಯೆಯನ್ನು ಬೀದಿಗೆ ಇಳಿಸಿದವರು ಇಪ್ಪತ್ತನೆಯ ಶತಮಾನದ ಕೊನೆಯವರು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ಚಿತ್ರಕಾರನಾಗಿದ್ದ ಕರ್ಟ್ ವೆನ್ನರ್ 1982ರಲ್ಲಿ ಆ ಕೆಲಸ ಬಿಟ್ಟು ರೋಮಿಗೆ ಹೋಗಿ, ಹಾದಿಬದಿಯಲ್ಲಿ ಸೀಮೆಸುಣ್ಣದಿಂದ ದೇವರ ಚಿತ್ರ ಬರೆಯುವ ಇಟಲಿಯ ಹಳೆಯ ಪರಂಪರೆಯನ್ನು ಕಲಿತು, ಅದಕ್ಕೆ ಈ ಜ್ಯಾಮಿತಿಯನ್ನು ಸೇರಿಸಿದ. 1990ರ ದಶಕದಿಂದ ಬರೆಯುತ್ತಿರುವ ಇಂಗ್ಲೆಂಡಿನ ಜೂಲಿಯನ್ ಬೀವರ್ ಚಿತ್ರಗಳು ಇಮೇಲ್ ಮೂಲಕ ಲೋಕವೆಲ್ಲ ಸುತ್ತಿದವು. ಅವು ಸುತ್ತಿದ್ದು ಫೋಟೊಗಳಾಗಿ ಎಂಬುದನ್ನು ಗಮನಿಸಿ. ಆ ಬೀದಿಯಲ್ಲಿ ನಡೆದುಹೋದವರಿಗೆ ಕಂಡದ್ದು ನಿಮ್ಮ ಮಕ್ಕಳಿಗೆ ಕಂಡದ್ದೇ. ಕ್ರಿಕೆಟ್ ಮೈದಾನದಲ್ಲಿಯೂ ಇದನ್ನೇ ಕಾಣುತ್ತೇವೆ. ಟಿವಿಯಲ್ಲಿ ಬೌಂಡರಿಯ ಬಳಿ ಫಲಕದಂತೆ ಎದ್ದು ನಿಂತ ಪ್ರಾಯೋಜಕರ ಹೆಸರು ಹುಲ್ಲಿನ ಮೇಲೆ ಬಳಿದ ಬಣ್ಣ, ಮುಖ್ಯ ಕ್ಯಾಮೆರಾ ಇರುವ ಬಿಂದುವಿಗೆ ಲೆಕ್ಕ ಹಾಕಿ ಬರೆದದ್ದು. ಕ್ಯಾಮೆರಾ ಬದಲಾದ ಕ್ಷಣ ಆ ಅಕ್ಷರಗಳು ಉದ್ದಕ್ಕೆ ಹಾಸಿ ಬೀಳುವುದನ್ನು ಮುಂದಿನ ಪಂದ್ಯದಲ್ಲಿ ಮಕ್ಕಳಿಗೆ ತೋರಿಸಿ. ಮೈದಾನದಲ್ಲಿ ಕುಳಿತ ಸಾವಿರಾರು ಜನ ಲೆಕ್ಕಕ್ಕೇ ಇಲ್ಲ!

ಈ ‘ಲೆಕ್ಕಕ್ಕಿಲ್ಲದವರ’ ಪ್ರಶ್ನೆಯೇ ನಿಮ್ಮ ಎರಡನೆಯ ಪ್ರಶ್ನೆಗೆ ಬಾಗಿಲು. ಕೋಟೆಯ ಮೇಲಿನ ಕೆಲಸ ಎಂದು ನೀವು ಕೇಳಿರುವುದು ಬಹುಶಃ ಫೆಲಿಚೆ ವರೀನಿಯವರದ್ದಿರಬೇಕು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿರುವ ಅವರು ಪುಸ್ತಕ, ಬಾವಿ, ಮೊಸಳೆಗಳ ಗೋಜಿಗೆ ಹೋಗುವುದಿಲ್ಲ. ವೃತ್ತ, ತ್ರಿಕೋನ, ಗೆರೆ, ಒಂದೋ ಎರಡೋ ಗಾಢ ಬಣ್ಣ, ಅಷ್ಟೇ. 2018ರಲ್ಲಿ ದಕ್ಷಿಣ ಫ್ರಾನ್ಸಿನ ಕಾರ್ಕಸೋನ್ ಕೋಟೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ ಇಪ್ಪತ್ತು ವರ್ಷ ಕಳೆದ ನೆನಪಿಗೆ, ಕೋಟೆಯ ಪಶ್ಚಿಮ ಮುಖದ ಬುರುಜು, ಗೋಡೆಗಳ ಮೇಲೆ ಹಳದಿ ಬಣ್ಣದ ವೃತ್ತದೊಳಗೆ ವೃತ್ತಗಳನ್ನು ಮೂಡಿಸಿದರು. ಕಲ್ಲಿಗೆ ನೇರವಾಗಿ ಬಣ್ಣ ಬಳಿಯದೆ, ಬಣ್ಣ ಹಚ್ಚಿದ ತೆಳುವಾದ ಅಲ್ಯೂಮಿನಿಯಂ ಹಾಳೆಗಳನ್ನು ಅಂಟಿಸಿದರು. ನಿಗದಿತ ಬಿಂದುವಿನಲ್ಲಿ ನಿಂತರೆ ವೃತ್ತಗಳು ಒಡೆಯದೆ, ಬಾಗದೆ, ಕೋಟೆಯ ಮುಂದೆ ಗಾಳಿಯಲ್ಲಿ ತೂಗುಹಾಕಿದಂತೆ ಕಾಣುತ್ತಿದ್ದವು. ಒಂದೆಡೆ ಹತ್ತಿರದ ಗೋಡೆಯ ಮೇಲಿನ ಪಟ್ಟಿ, ಅದರ ಮುಂದುವರಿಕೆ ಬಹಳ ಹಿಂದಿರುವ ಬುರುಜಿನ ಮೇಲೆ. ದೂರದ ಪಟ್ಟಿ ನಿಜದಲ್ಲಿ ಹೆಚ್ಚು ಅಗಲ, ಆದರೆ ಆ ಬಿಂದುವಿನಿಂದ ಎರಡೂ ಸಮ. ಕೋಟೆಯ ಬಾಗಿಲತ್ತ ನಡೆದುಹೋದಂತೆ ವೃತ್ತಗಳು ಹರಿದು ಹಳದಿ ತುಣುಕುಗಳಾಗುತ್ತಿದ್ದವು. ಸ್ಥಳೀಯರಲ್ಲಿ ಹಲವರು ಇದನ್ನು ಪರಂಪರೆಗೆ ಮಾಡಿದ ಅಪಚಾರವೆಂದು ವಿರೋಧಿಸಿದರು. ಅವರ ಸಿಟ್ಟು ಅರ್ಥವಾಗುವಂಥದ್ದೇ. ಆದರೂ ಇಂದು ನಾವು ಮಧ್ಯಯುಗದ್ದೆಂದು ನೋಡುವ ಆ ಕೋಟೆಯ ರೂಪದಲ್ಲಿ ಹತ್ತೊಂಬತ್ತನೆಯ ಶತಮಾನದ ಜೀರ್ಣೋದ್ಧಾರದ ಪಾಲು ದೊಡ್ಡದು ಎಂಬುದನ್ನೂ ಮರೆಯಬಾರದು.

ವರೀನಿಯವರ ವಿಧಾನ ಪೊಟ್ಸೊನದ್ದೇ, ದೀಪದ ಜಾಗಕ್ಕೆ ಪ್ರೊಜೆಕ್ಟರ್ ಬಂದಿದೆ. ಆಯ್ದ ಬಿಂದುವಿನಲ್ಲಿ ಪ್ರೊಜೆಕ್ಟರ್ ನಿಲ್ಲಿಸಿ, ಕತ್ತಲಾದ ಮೇಲೆ ಆಕಾರವನ್ನು ಕಟ್ಟಡಗಳ ಮೇಲೆ ಬೀಳಿಸಿ, ಬೆಳಕಿನ ಅಂಚಿನುದ್ದಕ್ಕೂ ಗುರುತು ಹಾಕಿಕೊಳ್ಳುತ್ತಾರೆ. ಬೆಳಗಾದ ಮೇಲೆ ಬಣ್ಣ. ಸ್ವಿಟ್ಜರ್ಲೆಂಡಿನ ವೆರ್ಕೊರಾಂ ಎಂಬ ಬೆಟ್ಟದ ಹಳ್ಳಿಯಲ್ಲಿ 2009ರಲ್ಲಿ ಮನೆಗಳ ಗೋಡೆ, ಮಾಡುಗಳ ಮೇಲೆ ಹರಡಿದ ವೃತ್ತಗಳ ಕೆಲಸ ಅವರ ಅತ್ಯುತ್ತಮ ರಚನೆಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ. ಬೀದಿಯ ಸೀಮೆಸುಣ್ಣದ ಚಿತ್ರ ಬಿಂದು ತಪ್ಪಿದವರಿಗೆ ಸೊಟ್ಟ ಚಿತ್ರವಾಗಿ ಮಾತ್ರ ಉಳಿಯುತ್ತದೆ. ವರೀನಿಯವರ ಹಳ್ಳಿಯಲ್ಲಾದರೆ ಬಿಂದುವನ್ನು ಹುಡುಕದೆಯೇ ಅಲೆದಾಡಿದವರಿಗೂ ಒಂದು ಮಾಡಿನ ಅಂಚಿನಲ್ಲಿ, ಒಂದು ಕಿಟಕಿಯ ಮೇಲೆ ಹಾದುಹೋದ ಬಣ್ಣದ ಚೂರು ತನ್ನಷ್ಟಕ್ಕೆ ತಾನೇ ಚೆಲುವಾಗಿತ್ತು. ಸಾರ್ವಜನಿಕ ಸ್ಥಳದಲ್ಲಿ ಎಲ್ಲರೂ ಸರದಿಯಲ್ಲಿ ನಿಂತು ಒಂದೇ ಬಿಂದುವಿನಿಂದ ನೋಡುವುದಿಲ್ಲ. ಅಲ್ಲಿಗೆ ಒಗ್ಗುವ ಚಿತ್ರ ಎರಡನೆಯ ಬಗೆಯದು. ದೂರವೂ ವರೀನಿಯವರ ಪರವಾಗಿದೆ. ಎರಡು ಕಣ್ಣುಗಳ ಆಳದ ಅಳತೆ ದೂರದ ವರ್ಗಕ್ಕೆ ವಿಲೋಮವಾಗಿ ದುರ್ಬಲವಾಗುವುದರಿಂದ, ನೂರಾರು ಮೀಟರ್ ದೂರದ ಬುರುಜು ಹತ್ತಿರದ್ದೋ ಹಿಂದಿನದ್ದೋ ಎಂದು ಕಣ್ಣು ತಕರಾರು ಮಾಡಲಾರದು. ಕಾರ್ಕಸೋನ್‌ನಲ್ಲಿ ಬರಿಗಣ್ಣಿಗೂ ಭ್ರಮೆ ಹಿಡಿಯಿತು, ನಿಮ್ಮ ಅಂಗಳದಲ್ಲಿ ಹಿಡಿಯಲಿಲ್ಲ, ಕಾರಣ ಇಷ್ಟೇ.

ಹಾಗೆಂದು ಕ್ಯಾಮೆರಾಕ್ಕಾಗಿಯೇ ಮಾಡಿದ ಕೆಲಸಗಳೆಲ್ಲ ಕಡಿಮೆಯವೆಂದು ಅಲ್ಲ. ಫ್ರಾನ್ಸಿನ ಜಾರ್ಜ್ ರೂಸ್ ಪಾಳುಬಿದ್ದ ಕಟ್ಟಡಗಳಲ್ಲಿ ಬಣ್ಣ ಬಳಿದು, ಕೊನೆಗೆ ಒಂದು ಛಾಯಾಚಿತ್ರವನ್ನೇ ಕೃತಿಯೆಂದು ಮುಂದಿಡುತ್ತಾರೆ, ಅದು ಪ್ರಾಮಾಣಿಕ ಒಪ್ಪಂದ. ನಮ್ಮವರೇ ಆದ ಕಲಾವಿದ ಬಾದಲ್ ನಂಜುಂಡಸ್ವಾಮಿಯವರ 2019ರ ಸೆಪ್ಟೆಂಬರ್‌ನ ವಿಡಿಯೊ ಇನ್ನೂ ಜಾಣತನದ್ದು. ಚಂದ್ರಯಾನ-2 ಚಂದ್ರನನ್ನು ತಲುಪುವ ಹೊತ್ತಿಗೆ, ಗಗನಯಾತ್ರಿಯ ಉಡುಪು ತೊಟ್ಟ ನಟರೊಬ್ಬರು ಕತ್ತಲಲ್ಲಿ ಕುಳಿಗಳ ನಡುವೆ ತೇಲುವಂತೆ ಹೆಜ್ಜೆಯಿಡುತ್ತಾರೆ. ಕ್ಯಾಮೆರಾದ ಚೌಕಟ್ಟಿಗೆ ಆಟೊ ರಿಕ್ಷಾ ಒಂದು ಬಂದಾಗಲೇ ಅದು ಬೆಂಗಳೂರಿನ ಹೇರೋಹಳ್ಳಿಯ ರಸ್ತೆ, ಆ ಕುಳಿಗಳು ರಸ್ತೆಗುಂಡಿಗಳು ಎಂದು ತಿಳಿಯುವುದು. ಅಲ್ಲಿ ಬಣ್ಣವೇ ಇಲ್ಲ. ಒಂದು ಮಸೂರ, ಒಂದು ಕೋನ, ಓರೆಯಾಗಿ ಬಿದ್ದ ಬೆಳಕು, ಜೊತೆಗೆ ಭ್ರಮೆಯನ್ನು ಯಾವಾಗ ಒಡೆಯಬೇಕೆಂಬ ಎಚ್ಚರ.

ಈ ಹಿನ್ನೆಲೆಯಲ್ಲಿ ನಿಮ್ಮ ಶಾಲೆಗೆ ನನ್ನ ಸಲಹೆ, ಮುಂದಿನ ಚಿತ್ರಕ್ಕೆ ನೆಲವನ್ನು ಬಿಟ್ಟು ಗೋಡೆಯ ಮೂಲೆಯನ್ನು ಆರಿಸಿಕೊಳ್ಳಿ ಎಂಬುದು. ಗೇಟಿನಿಂದ ಒಳಬಂದೊಡನೆ ಕಾಣುವ, ಜಗುಲಿಯ ಕಂಬ, ಅದರ ಹಿಂದಿನ ಗೋಡೆ, ಪಕ್ಕದ ಗೋಡೆ ಮೂರೂ ಬೇರೆ ಬೇರೆ ಆಳದಲ್ಲಿರುವ ಜಾಗವಾದರೆ ಉತ್ತಮ. ನೋಡುವ ಬಿಂದು ಕನಿಷ್ಠ ಎಂಟು-ಹತ್ತು ಮೀಟರ್ ದೂರದಲ್ಲಿರಲಿ, ಕಣ್ಣಿನ ಎತ್ತರವನ್ನು ನಿಮ್ಮದಲ್ಲ, ಮಕ್ಕಳದ್ದನ್ನು ಹಿಡಿಯಿರಿ. ನೆಲದ ಚಿತ್ರಕ್ಕೆ ಹೇಳಿದ ಎತ್ತರದ ರಿಯಾಯಿತಿ ಇಲ್ಲಿ ಇಲ್ಲ, ಕಂಬ ಮತ್ತು ಗೋಡೆಗಳು ಬೇರೆ ಬೇರೆ ದೂರದಲ್ಲಿರುವುದರಿಂದ ಕಣ್ಣು ಮೇಲೆ-ಕೆಳಗೆ ಸರಿದರೂ ತುಣುಕುಗಳು ಜಾರುತ್ತವೆ. ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರ್ ಇದ್ದರೆ ಸಂಜೆ ಕತ್ತಲಾದ ಮೇಲೆ ಅದರ ಮಸೂರವನ್ನು ಸರಿಯಾಗಿ ಆ ಬಿಂದುವಿಗೆ ತಂದು, ಒಂದು ವೃತ್ತವನ್ನೋ ‘ಅ’ ಅಕ್ಷರವನ್ನೋ ಬೀಳಿಸಿ, ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿ. ಪ್ರೊಜೆಕ್ಟರ್ ಇಲ್ಲದಿದ್ದರೆ ಗಾಜಿನ ತುಂಡೊಂದರ ಮೇಲೆ ಆಕಾರವನ್ನು ಬರೆದು ಸ್ಟ್ಯಾಂಡಿಗೆ ಬಿಗಿಯಿರಿ; ಅದರ ಹಿಂದೆ ಒಂದಡಿ ಅಂತರದಲ್ಲಿ ರಂಧ್ರವಿರುವ ರಟ್ಟನ್ನು ನಿಲ್ಲಿಸಿ. ಒಬ್ಬರು ರಂಧ್ರದಲ್ಲಿ ಒಂದೇ ಕಣ್ಣಿಟ್ಟು ‘ಇನ್ನೂ ಸ್ವಲ್ಪ ಎಡಕ್ಕೆ, ಸಾಕು’ ಎಂದು ಹೇಳುತ್ತಿದ್ದರೆ, ಗೋಡೆಯ ಬಳಿ ಇರುವವರು ಚುಕ್ಕೆ ಇಡುತ್ತಾ ಹೋಗಬೇಕು. ವೃತ್ತದ ಬಾಗು ತಪ್ಪದಿರಲು ಚುಕ್ಕೆಗಳು ಒತ್ತಾಗಿರಲಿ. ರಟ್ಟಾಗಲಿ ಗಾಜಾಗಲಿ ನಡುವೆ ಅಲುಗಿದರೆ ಅದುವರೆಗಿನ ಚುಕ್ಕೆಗಳನ್ನೆಲ್ಲ ಮತ್ತೆ ಹೊಂದಿಸಬೇಕಾಗುತ್ತದೆ, ಆದ್ದರಿಂದ ಮಧ್ಯಾಹ್ನದ ಊಟದ ಗಂಟೆಗೆ ಮೊದಲೇ ಗುರುತಿನ ಕೆಲಸ ಮುಗಿಸುವುದು ಕ್ಷೇಮ.

ಬಣ್ಣ ಒಂದೇ ಇರಲಿ, ನೆರಳು-ಬೆಳಕಿನ ಕಸರತ್ತು ಬೇಡ. ಮೂಲೆಯ ಒಂದು ಗೋಡೆಗೆ ಬಿಸಿಲು, ಇನ್ನೊಂದಕ್ಕೆ ನೆರಳು ಬಿದ್ದಾಗ ಒಂದೇ ಬಣ್ಣ ಎರಡಾಗಿ ಕಂಡು ಆಕಾರ ಒಡೆಯುತ್ತದೆ. ಹೀಗಾಗಿ ದಿನದ ಬಹುಭಾಗ ನೆರಳಿನಲ್ಲಿರುವ ಉತ್ತರದ ಕಡೆಯ ಮೂಲೆ ಸಿಕ್ಕಿದರೆ ಬಿಡಬೇಡಿ. ನೆಲದ ಮೇಲೆಯೇ ಬರೆಯುವ ಹಟವಿದ್ದರೆ ಬೆಳಗಿನ ಪ್ರಾರ್ಥನೆಯ ಹೊತ್ತಿನ ಬಿಸಿಲಿನ ದಿಕ್ಕನ್ನು ನೋಡಿಕೊಂಡು ಚಿತ್ರದ ನೆರಳನ್ನು ಅದೇ ದಿಕ್ಕಿಗೆ ಹಾಕಿ. ಮಧ್ಯಾಹ್ನದ ನಂತರ ಅದು ಸುಳ್ಳಾಗುವುದನ್ನು ಒಪ್ಪಿಕೊಳ್ಳಿ.

ಕೊನೆಗೆ ರಸ್ತೆ. ತೇಲುವ ಕಲ್ಲುಗಳಂತೆ ಕಾಣುವ ಝೀಬ್ರಾ ಪಟ್ಟಿಗಳು ಹೊಸದೇನಲ್ಲ. ಅಹಮದಾಬಾದಿನ ತಾಯಿ-ಮಗಳು ಕಲಾವಿದೆಯರಿಬ್ಬರು ಬರೆದ ಇಂತಹ ಪಟ್ಟಿಗಳು ಸುದ್ದಿಯಾಗಿ, 2016ರಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರೂ ಇವನ್ನು ವೇಗ ತಡೆಯುವ ಉಪಾಯವಾಗಿ ಪರೀಕ್ಷಿಸುವ ಮಾತಾಡಿದ್ದರು. ಐಸ್‌ಲ್ಯಾಂಡಿನ ಇಸಾಫ್ಯೊರ್ದುರ್ ಎಂಬ ಸಣ್ಣ ಪಟ್ಟಣದ ಪಟ್ಟಿ 2017ರಲ್ಲಿ ಜಗತ್ಪ್ರಸಿದ್ಧವಾಯಿತು. ಆದರೆ ಮೇಲಿನ ಲೆಕ್ಕವನ್ನು ಇಲ್ಲಿಗೆ ತನ್ನಿ. ಕಾರು ಚಾಲಕರ ಕಣ್ಣು ಸುಮಾರು 1.2 ಮೀಟರ್ ಎತ್ತರದಲ್ಲಿದೆ, ಪಟ್ಟಿ 25 ಮೀಟರ್ ದೂರದಲ್ಲಿದೆ, ಅದರ ಅಗಲ 4 ಮೀಟರ್. ಆ ನಾಲ್ಕು ಮೀಟರ್ ಚಿತ್ರವೆಲ್ಲ ಚಾಲಕರಿಗೆ ಕಾಣುವುದು ಸುಮಾರು 17 ಸೆಂಟಿಮೀಟರ್ ಎತ್ತರದ ಒಂದು ತೆಳುಪಟ್ಟಿಯಾಗಿ. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ನೋಡುವ ಬಿಂದುವಿನಲ್ಲಿ ಅದು ಇರುವುದು ಕ್ಷಣಮಾತ್ರ. ನಾವು ಫೋಟೊಗಳಲ್ಲಿ ನೋಡಿ ಬೆರಗಾಗುವ ತೇಲುವ ಕಲ್ಲುಗಳು ಹತ್ತಿರದಲ್ಲಿ ನಿಂತ ಕ್ಯಾಮೆರಾಕ್ಕೆ ಕಂಡಂಥವು.

ಒಂದು ವೇಳೆ ಭ್ರಮೆ ನಿಜವಾಗಿಯೂ ಹಿಡಿಯಿತು ಎನ್ನೋಣ. ಆಗ ಅಪಾಯ ಇನ್ನೂ ಹೆಚ್ಚು. ಎದುರಿಗೆ ಕಲ್ಲಿದೆ ಎಂದು ನಂಬಿದ ಬೈಕ್ ಸವಾರ ಗಕ್ಕನೆ ಬ್ರೇಕ್ ಒತ್ತುತ್ತಾನೆ ಅಥವಾ ಪಕ್ಕಕ್ಕೆ ತಿರುಗಿಸುತ್ತಾನೆ, ಅವನ ಹಿಂದೆ ಬಸ್ಸಿರಬಹುದು. ದಿನವೂ ಓಡಾಡುವವರು ವಾರದೊಳಗೆ ಗುಟ್ಟು ತಿಳಿದು ಹಳೆಯ ವೇಗಕ್ಕೆ ಮರಳುತ್ತಾರೆ. ಕೆನಡಾದ ವೆಸ್ಟ್ ವ್ಯಾಂಕೂವರಿನಲ್ಲಿ 2010ರಲ್ಲಿ ಶಾಲೆಯೊಂದರ ಬಳಿ, ಚೆಂಡಿನ ಹಿಂದೆ ಓಡುವ ಹುಡುಗಿಯ ಉದ್ದನೆಯ ಚಿತ್ರವನ್ನು ರಸ್ತೆಗೆ ಅಂಟಿಸಿ, ಹತ್ತಿರ ಬರುವ ಚಾಲಕರಿಗೆ ಆಕೆ ಎದ್ದು ನಿಂತಂತೆ ಕಾಣುವಂತೆ ಮಾಡಿದ್ದರು. ಉದ್ದೇಶ ಒಳ್ಳೆಯದೇ ಇದ್ದರೂ, ರಸ್ತೆಯಲ್ಲಿ ಕಂಡ ಮಗು ಚಿತ್ರವಿರಬಹುದು ಎಂಬ ಪಾಠವನ್ನು ಚಾಲಕರಿಗೆ ಕಲಿಸುವುದು ನನಗೆ ಸರಿಕಾಣುವುದಿಲ್ಲ. ದಪ್ಪವಾಗಿ ಬಳಿದ ಸಾಮಾನ್ಯ ಬಣ್ಣ ಮಳೆಗಾಲದಲ್ಲಿ ಜಾರುತ್ತದೆ ಎಂಬುದೂ ಮಲೆನಾಡಿನ ಸೆರಗಿನಲ್ಲಿರುವ ನಿಮಗೆ ಸಣ್ಣ ವಿಷಯವಲ್ಲ.

ಅದೇ ಜ್ಯಾಮಿತಿಯ ಮೋಸವಿಲ್ಲದ ಬಳಕೆ ರಸ್ತೆಯ ಮೇಲೆ ಈಗಾಗಲೇ ಇದೆ. ರಸ್ತೆಯ ಮೇಲೆ ಬರೆದ ‘ನಿಧಾನ’, ‘ಶಾಲೆ’ ಎಂಬ ಅಕ್ಷರಗಳ ಪಕ್ಕದಲ್ಲಿ ನಿಂತು ನೋಡಿದರೆ ಅವು ವಿಪರೀತ ಉದ್ದ; ಬರುವ ಚಾಲಕರ ಕಣ್ಣಿಗೆ ಸರಿಯಾದ ಅಳತೆ. ಮೆಲ್ಬರ್ನ್ ನಗರದ ಯುರೇಕಾ ಗೋಪುರದ ಪಾರ್ಕಿಂಗ್ ತಾಣದಲ್ಲಿ ‘ಇನ್’, ‘ಔಟ್’, ‘ಅಪ್’, ‘ಡೌನ್’ ಎಂಬ ಪದಗಳನ್ನು ಗೋಡೆ, ನೆಲಗಳ ಮೇಲೆ ಚೂರುಚೂರಾಗಿ ಬರೆದಿದ್ದಾರೆ. ತಿರುವಿನ ಸರಿಯಾದ ಬಿಂದುವಿಗೆ ಕಾರು ಬಂದಾಗ ಚೂರುಗಳು ಕೂಡಿ ಪದವಾಗುತ್ತವೆ. ಅಲ್ಲಿ ವೇಗ ಕಡಿಮೆ, ಚಾಲಕರು ಎಲ್ಲಿಂದ ಬರುತ್ತಾರೆ ಎಂಬುದು ಖಚಿತ, ಪದ ಕೂಡಿಬರದಿದ್ದರೂ ಯಾರಿಗೂ ಅಪಾಯವಿಲ್ಲ.

ಆದ್ದರಿಂದ ಪೋಷಕರಿಗೆ ಬೇಡವೆಂದೇ ಹೇಳಿ. ರಸ್ತೆಯ ಮೇಲೆ ಗುರುತು ಹಾಕುವ ಅಧಿಕಾರ ಶಾಲೆಗೆ ಇಲ್ಲ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ-35 ಸಂಹಿತೆ ಗುರುತುಗಳ ಆಕಾರ, ಅಳತೆಗಳನ್ನು ನಿಗದಿಪಡಿಸಿದೆ. ರಸ್ತೆ ಲೋಕೋಪಯೋಗಿ ಇಲಾಖೆಯದ್ದೋ, ಪುರಸಭೆಯದ್ದೋ, ಪಂಚಾಯಿತಿಯದ್ದೋ ಎಂದು ಮೊದಲು ತಿಳಿದುಕೊಂಡು, ಆ ಸಂಹಿತೆಯಂತೆ ಮಾಮೂಲಿ ಬಿಳಿ ಝೀಬ್ರಾ ಪಟ್ಟಿ, ಎರಡೂ ಕಡೆಯಿಂದ ಓದಲು ಬರುವ ‘ಶಾಲೆ’ ಎಂಬ ಉದ್ದಕ್ಷರ, ಸಾಧ್ಯವಾದರೆ ಪಟ್ಟಿಯಿರುವ ಜಾಗವನ್ನೇ ನಿಜವಾಗಿ ಎತ್ತರಿಸುವ ಕೆಲಸ, ಈ ಮೂರನ್ನು ಕೇಳಿ ಶಾಲಾಭಿವೃದ್ಧಿ ಸಮಿತಿಯ ಹೆಸರಿನಲ್ಲಿ ಅರ್ಜಿ ಕೊಡಿ. ಮಕ್ಕಳು ರಸ್ತೆ ದಾಟುವ ಹೊತ್ತಿನ ಫೋಟೊಗಳನ್ನು ಜೊತೆಗಿಡಿ. ಚಾಲಕರ ಕಣ್ಣಿನ ಎತ್ತರದಿಂದ, 25 ಮೀಟರ್ ದೂರದಿಂದ ತೆಗೆದ ಒಂದು ಫೋಟೊವೂ ಅದರಲ್ಲಿರಲಿ.